ಬಾಟಲಿ ಮೇಲೆ 2023, ತಪ್ಪು ಮಾತ್ರ 2022ರ ಮೇ ತಿಂಗಳದ್ದು

2023ರ ಮಾರ್ಚ್‌ನಲ್ಲಿ ಒಂದು ದಿನ ಬೆಳಿಗ್ಗೆ ನಮ್ಮ ವೈನ್ ಮೇಕರ್ ಮೇಡಂ ಟ್ಯಾಂಕಿನ ನಲ್ಲಿ ತಿರುಗಿಸಿ, ಕಾಲು ಗ್ಲಾಸ್ ಹಿಡಿದು ನನ್ನ ಕೈಗೆ ಕೊಟ್ಟರು. ಏನೂ ಮಾತಾಡಲಿಲ್ಲ. ಮೂಗಿನ ಹತ್ತಿರ ತಂದೆ. ದೊಣ್ಣಮೆಣಸಿನಕಾಯಿ ಆಗಷ್ಟೇ ಹೆಚ್ಚಿದಾಗ ಬರುತ್ತದಲ್ಲ, ಆ ಹಸಿ ವಾಸನೆ. ಅದು ಕ್ಯಾಬರ್ನೆ ಸಾವಿನ್ಯೋನ್ ಹಣ್ಣಿನ ವೈನ್. ಆ ತಳಿಯಲ್ಲಿ ಈ ವಾಸನೆ ಒಂದು ಎಳೆಯಷ್ಟು ಇದ್ದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಇದರಲ್ಲಿ ಬೇರೆ ಏನೂ ಇರಲೇ ಇಲ್ಲ.

"ತೋಟದಲ್ಲಿ ಏನಾಯ್ತು?" ಅಂತ ಕೇಳಿದರು. ನಾನು ಯೋಚನೆ ಕೂಡ ಮಾಡದೆ "ಅಕ್ಟೋಬರ್ ಮಳೆ ಮೇಡಂ" ಅಂದೆ.

ನಾನು ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಒಂದು ವೈನ್ ತೋಟದಲ್ಲಿ ಫೀಲ್ಡ್ ಸೂಪರ್‌ವೈಸರ್. ನಮ್ಮದು ಮೊದಲಿನಿಂದಲೂ ದ್ರಾಕ್ಷಿ ಮನೆ. ಅಪ್ಪ ಥಾಮ್ಸನ್ ಸೀಡ್‌ಲೆಸ್ ಬೆಳೆದು ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುತ್ತಿದ್ದರು. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ ಮಣೂಕ. ಅಲ್ಲಿ ಲೆಕ್ಕ ಎಲ್ಲ ತೂಕ ಮತ್ತು ಸಿಹಿಯದ್ದು. ಬೀಜವೇ ಇಲ್ಲದ ಹಣ್ಣು ಅದು. ಬೀಜ ಹಣ್ಣಾಗಿದೆಯಾ ಅಂತ ಕಡಿದು ನೋಡುವ ಕೆಲಸ ನನಗೆ ಗೊತ್ತಾಗಿದ್ದು ಈ ನೌಕರಿಗೆ ಬಂದ ಮೇಲೆಯೇ.

ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ಯುರೋಪಿನಲ್ಲಿ ಚಳಿಗೆ ದ್ರಾಕ್ಷಿ ಎಲೆ ಉದುರಿಸಿ ಮಲಗುತ್ತದೆ, ಅಲ್ಲಿ ವರ್ಷಕ್ಕೆ ಒಂದೇ ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ. ನಮ್ಮಲ್ಲಿ ಗಿಡ ಮಲಗುವುದೇ ಇಲ್ಲ. ಅದಕ್ಕೆ ಎರಡು ಸಲ ಕತ್ತರಿಸುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸಲಿಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣು ತೆಗೆಯಲಿಕ್ಕೆ. ಫೆಬ್ರುವರಿ, ಮಾರ್ಚ್‌ನಲ್ಲಿ ಕೊಯ್ಲು. ಬಾಟಲಿ ಮೇಲೆ ಬೀಳುವುದು ಕೊಯ್ಲಿನ ವರ್ಷ. ಅಂದರೆ 2023 ಅಂತ ಬರೆದ ಬಾಟಲಿಯೊಳಗೆ 2022ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಬಿಸಿಲು, ಮಳೆ, ನಮ್ಮ ಕೈಕೆಲಸ ಎಲ್ಲ ಸೇರಿರುತ್ತದೆ. ಇದು ನನಗೆ ಗೊತ್ತಿತ್ತು. ಆದರೆ ಮನಸ್ಸಿನಲ್ಲಿ ಮಾತ್ರ ಸೀಸನ್ ಅಂದರೆ ಅಕ್ಟೋಬರ್‌ನಿಂದಲೇ ಶುರು ಅಂತ ಕೂತಿತ್ತು. ಏಪ್ರಿಲ್ ಚಾಟ್ನಿ ಮುಗಿದರೆ ನಾಲ್ಕೈದು ತಿಂಗಳು ಸುಮ್ನೆ ಗಿಡ ಉಳಿಸಿಕೊಂಡರೆ ಸಾಕು ಅನ್ನೋ ಭಾವನೆ.

ಸಂಜೆ ಚಾಟ್ನಿ ಗುಂಪಿನ ಹಿರಿಯರಿಗೆ ಸಂಗತಿ ಹೇಳಿದೆ. ನಾವೆಲ್ಲ ಅವರನ್ನು ಕಾಕಾ ಅಂತೀವಿ. ಮೂವತ್ತು ವರ್ಷದಿಂದ ಕೈಯಲ್ಲಿ ಕತ್ತರಿ ಹಿಡಿದವರು. "ಮಳಿಗ್ಯಾಕ ಬೈತಿ ತಮ್ಮಾ," ಅಂದರು. "ಮಳಿ ಮಸಾರಿ ಪ್ಲಾಟಿಗೂ ಬಂದಿತ್ತು. ಅದರ ಹಣ್ಣು ಯಾಕ ಚಲೋ ಐತಿ? ಮೇ ತಿಂಗಳದಾಗ ಎರಿ ಪ್ಲಾಟಿಗೆ ಎಷ್ಟ ನೀರ ಬಿಟ್ಟಿದ್ದಿ, ನೋಡು."

ಮಸಾರಿ ಅಂದರೆ ಕೆಂಪು ನೆಲ, ಎರಿ ಅಥವಾ ಎರೆ ಅಂದರೆ ಕಪ್ಪು ನೆಲ. ನಮ್ಮ ಆ ಕ್ಯಾಬರ್ನೆ ಎರೆ ಪ್ಲಾಟಿನದು. ರಾತ್ರಿ ಡೈರಿ ತೆಗೆದು ನೋಡಿದೆ. ಏಪ್ರಿಲ್ 12ಕ್ಕೆ ಚಾಟ್ನಿ. ಮೇ 20ರಿಂದ ಜೂನ್ 10ರವರೆಗೆ ಎರೆ ಪ್ಲಾಟಿಗೆ ದಿನ ಬಿಟ್ಟು ದಿನ ಡ್ರಿಪ್, ಪ್ರತಿ ಸಲ ನಾಲ್ಕು ಗಂಟೆ. ನಡುವೆ ಎರಡು ದೊಡ್ಡ ಮಳೆ. ಮಳೆಯಾದ ಮರುದಿನವೂ ನೀರು ಬಿಟ್ಟಿದ್ದೆ. ನನ್ನದೇ ಅಕ್ಷರ, ನೀಲಿ ಪೆನ್ನು.

ಯಾಕೆ ಬಿಟ್ಟೆ ಅಂದರೆ, ನೀರಿತ್ತು. ಕೆರೆ ತುಂಬುವ ಯೋಜನೆಯಿಂದ ಹತ್ತಿರದ ಕೆರೆಗೆ ನೀರು ಬಂದು ನಮ್ಮ ಬೋರ್ ಚೇತರಿಸಿಕೊಂಡಿತ್ತು. ಚಿಕ್ಕವನಿದ್ದಾಗ ಅಪ್ಪ ಟ್ಯಾಂಕರ್ ನೀರು ಕೊಂಡು ಗಿಡದ ಬುಡಕ್ಕೆ ಕೊಡದಿಂದ ಹಾಕಿದ್ದನ್ನು ನೋಡಿದವನು ನಾನು. ನೀರು ಕೈಯಲ್ಲಿದ್ದಾಗ ಬೇಸಿಗೆಯಲ್ಲಿ ಗಿಡಕ್ಕೆ ಕೊಡದೆ ಇರುವುದು ನಮ್ಮ ಕಡೆಯವರಿಂದ ಆಗುವುದಿಲ್ಲ. ಗಿಡ ಹಸಿರು ಹಸಿರಾಗಿ ಏರುತ್ತಿದ್ದರೆ ಹೊಟ್ಟೆ ತಣ್ಣಗಾಗುತ್ತಿತ್ತು. ಎರೆ ನೆಲ ಬೇರೆ, ಒಮ್ಮೆ ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಬೇರು ಡಾಗ್‌ರಿಜ್ ಅನ್ನುವ ತಳಿಯದು. ಬರ ತಡೆಯುತ್ತದೆ ಅಂತ ನಮ್ಮ ಭಾಗದಲ್ಲಿ ಎಲ್ಲರೂ ಅದರ ಮೇಲೆಯೇ ಕಸಿ ಮಾಡುತ್ತಾರೆ, ಆದರೆ ನೀರು ಸಿಕ್ಕಿತೋ ಗಿಡವನ್ನು ಹಿಡಿಯಲಿಕ್ಕೆ ಆಗದಷ್ಟು ಓಡಿಸುತ್ತದೆ.

ಈಗ ಆ ದಿನಗಳ ಬೆಲೆ ಹೇಳುತ್ತೇನೆ. ಏಪ್ರಿಲ್ ಚಾಟ್ನಿ ಆಗಿ ಸುಮಾರು 40ರಿಂದ 60-70 ದಿನದೊಳಗೆ ಹೊಸ ಕಡ್ಡಿಯ ಕಣ್ಣಿನ, ಅಂದರೆ ಮುಂದೆ ಚಿಗುರೊಡೆಯುವ ಮೊಗ್ಗಿನ, ಒಳಗೆ ಮುಂದಿನ ಗೊನೆ ರೂಪ ತಾಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಆಗ ಆ ಕಣ್ಣಿನ ಪಕ್ಕದ ಎಲೆಗೆ ಬಿಸಿಲು ಬೀಳಬೇಕು, ಗಿಡದ ಓಟ ಸ್ವಲ್ಪ ನಿಲ್ಲಬೇಕು. ಅದಕ್ಕೇ ಏಳೆಂಟು ಎಲೆಗೆ ಚಿಗುರು ಚಿವುಟುತ್ತೇವೆ, ನೀರು ಇಳಿಸುತ್ತೇವೆ, ಸಾರಜನಕ ಕಡಿಮೆ ಮಾಡುತ್ತೇವೆ. ಚಿಗುರು ಎಗ್ಗಿಲ್ಲದೆ ಓಡಿ ಎಲೆ ಮೇಲೆ ಎಲೆ ಬಿದ್ದರೆ, ಗೊನೆಯಾಗಬೇಕಿದ್ದದ್ದು ಒಳಗೇ ಬಳ್ಳಿಕುಡಿಯಾಗಿ ತಿರುಗುತ್ತದೆ. ನಮಗೆ ಆಗಿದ್ದೂ ಇದೇ. ಅಕ್ಟೋಬರ್ ಚಾಟ್ನಿಯಾಗಿ ಮೂರು ವಾರಕ್ಕೆ ಚಿಗುರು ಒಡೆದಾಗ ಎರೆ ಪ್ಲಾಟಿನಲ್ಲಿ ಎಣಿಸಿದೆ. ಒಂದು ಗಿಡಕ್ಕೆ ಇಪ್ಪತ್ತೈದರ ಮೇಲೆ ಗೊನೆ ಕಾಣಬೇಕಿತ್ತು. ಹತ್ತು, ಹನ್ನೊಂದು. ಉಳಿದ ಕಡೆ ಗೊನೆ ಇರಬೇಕಾದ ಜಾಗದಲ್ಲಿ ಬಳ್ಳಿಕುಡಿ ಸುರುಳಿ ಸುತ್ತಿಕೊಂಡು ನಿಂತಿತ್ತು. ಅವತ್ತೇ ನನಗೆ ಗೊತ್ತಾಗಬೇಕಿತ್ತು. ಆದರೆ ಮಳೆಗೆ ಗೊನೆ ಕರಗಿತು ಅಂತ ವರದಿ ಬರೆದು ಕಳಿಸಿದೆ.

ಹಣ್ಣು ಕಡಿಮೆ ಆದರೆ ವೈನ್‌ಗೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಯಾಕೆ ಕಡಿಮೆ ಆಯಿತು ಅನ್ನುವುದರ ಮೇಲಿದೆ ಅದು. ನಮ್ಮ ಗಿಡಕ್ಕೆ ಶಕ್ತಿ ಬೇಕಾದಷ್ಟಿತ್ತು, ಹೊರಲಿಕ್ಕೆ ಗೊನೆ ಇರಲಿಲ್ಲ. ಆ ಶಕ್ತಿಯೆಲ್ಲ ಎಲೆಗೆ ಹೋಯಿತು. ಎಲೆಯ ಕತ್ತಲೆಯಲ್ಲಿ ಹತ್ತು ಗೊನೆ ಮುಚ್ಚಿಹೋದವು, ಗಾಳಿ ಆಡದೆ ಡೌನಿ ಅನ್ನುವ ಬೂಜು ರೋಗ ಬಂತು, ಔಷಧ ಹೊಡೆಯುವ ಖರ್ಚು ಏರಿತು. ದೊಣ್ಣಮೆಣಸಿನಕಾಯಿ ವಾಸನೆ ಕೊಡುವ ಅಂಶ ಕಾಯಿ ಇನ್ನೂ ಎಳೆಯದಾಗಿದ್ದಾಗ ಸೇರಿಕೊಳ್ಳುತ್ತದೆ. ಕಾಯಿಗೆ ಬಿಸಿಲು ತಾಗಿದರೆ ಜಾಸ್ತಿ ಸೇರುವುದಿಲ್ಲ, ಹಣ್ಣಾಗುತ್ತ ಹೋದಂತೆ ಇನ್ನೂ ಇಳಿಯುತ್ತದೆ. ನಮ್ಮ ಗೊನೆಗಳು ಬಿಸಿಲು ಕಂಡಿದ್ದೇ ಕೊಯ್ಲಿನ ಕ್ರೇಟಿಗೆ ಬಿದ್ದ ಮೇಲೆ.

ಕೊಯ್ಲಿನಲ್ಲೂ ಒಂದು ತಪ್ಪು ಮಾಡಿದೆ. ಫೆಬ್ರುವರಿ ಕೊನೆಗೆ ಹಣ್ಣಿನ ಸಕ್ಕರೆ ಅಳೆಯುವ ಮೀಟರ್ 24 ಬ್ರಿಕ್ಸ್ ತೋರಿಸಿತು. ಸಕ್ಕರೆ ಬಂತಲ್ಲ ಅಂತ ಬೆಳಗಿನ ಜಾವ ಐದಕ್ಕೆ ಹೆಡ್‌ಲೈಟ್ ಕಟ್ಟಿಕೊಂಡು ಕೊಯ್ಯಲಿಕ್ಕೆ ಹಚ್ಚಿದೆ. ಬೀಜ ಕಡಿದು ನೋಡಲಿಲ್ಲ. ಹಣ್ಣಾದ ಬೀಜ ಕಂದು ಬಣ್ಣಕ್ಕೆ ತಿರುಗಿ, ಹುರಿದ ಶೇಂಗಾ ಕಡಿದಂತೆ ಕಟ್ ಅಂತ ಒಡೆಯುತ್ತದೆ. ಆಮೇಲೆ ಟ್ಯಾಂಕಿನ ಸಿಪ್ಪೆಯಲ್ಲಿ ಕೈಹಾಕಿ ತೆಗೆದ ಬೀಜಗಳು ಅರ್ಧಕ್ಕರ್ಧ ಹಸಿರು. ಬಾಯಿಗೆ ಹಾಕಿದರೆ ನಾಲಿಗೆ ಎಳೆದು ಹಿಡಿಯುವಷ್ಟು ಒಗರು.

ಮರುದಿನ ಮೇಡಂ ಮುಂದೆ ಡೈರಿ ಇಟ್ಟು ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯ್ಯಲಿಲ್ಲ. ಆ ಪುಟದ ಫೋಟೋ ತೆಗೆದುಕೊಂಡರು. ಆ ವೈನ್ ಬೇರೆಯಾಗಿ ಬಾಟಲಿಗೆ ಹೋಗಲಿಲ್ಲ, ಮಸಾರಿ ಪ್ಲಾಟಿನ ಶಿರಾಜ್ ಜೊತೆ ಸ್ವಲ್ಪ ಸ್ವಲ್ಪ ಬೆರೆತು ಕಡಿಮೆ ದರದ ಬಾಟಲಿಯಾಯಿತು.

ಮುಂದಿನ ತಿಂಗಳೇ ಮತ್ತೆ ಏಪ್ರಿಲ್ ಚಾಟ್ನಿ. 2023 ಹೇಗಿತ್ತು ಅಂತ ನಮ್ಮ ಜಿಲ್ಲೆಯವರಿಗೆ ಹೇಳಬೇಕಾಗಿಲ್ಲ. ಮಳೆ ಕೈಕೊಟ್ಟು ಸರ್ಕಾರ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಮಾಡಿದ ವರ್ಷ. ಬರ ಬಂದರೆ ವೈನ್ ಚೆನ್ನಾಗಿ ಆಗುತ್ತದೆ ಅಂತ ಕೆಲವರು ಬರೆಯುತ್ತಾರೆ. ನನಗೆ ಆ ಮಾತು ಸರಿ ಬರುವುದಿಲ್ಲ. ನಮಗೆ ಹಣ್ಣು ಕೊಡುವ ಒಬ್ಬ ರೈತರ ಬೋರ್ ನವೆಂಬರ್‌ನಲ್ಲಿ ನಿಂತಿತು. ಎಲೆ ಹಳದಿಯಾದವು, ಕಾಳು ಸುಕ್ಕಾದವು, ಸಕ್ಕರೆ 19ರಲ್ಲೇ ನಿಂತುಬಿಟ್ಟಿತು. ಬಾಯಾರಿದ ಗಿಡ ಬೇರೆ, ಸಾಯುತ್ತಿರುವ ಗಿಡ ಬೇರೆ. ಇನ್ನೊಂದು ಮಾತು. ರೈತರಿಗೆ ಕಿಲೋ ಲೆಕ್ಕದಲ್ಲಿ ಮಾತ್ರ ದುಡ್ಡು ಕೊಟ್ಟರೆ ನೀರು ಬಿಡಬೇಡಿ ಅಂತ ಹೇಳುವ ಹಕ್ಕು ನಮಗಿಲ್ಲ. ಬೀಜ, ಬಣ್ಣ, ಎಲೆ ತೆಗೆದ ಕೆಲಸಕ್ಕೂ ದರ ಕಟ್ಟಬೇಕು ಅಂತ ನಾನು ಪ್ರತಿ ಮೀಟಿಂಗ್‌ನಲ್ಲಿ ಹೇಳುತ್ತೇನೆ. ಇನ್ನೂ ಆಗಿಲ್ಲ, ಹೇಳುವುದು ಬಿಟ್ಟಿಲ್ಲ.

ನಮ್ಮ ಎರೆ ಪ್ಲಾಟಿನಲ್ಲಿ 2023ರ ಮೇ ತಿಂಗಳು ಡ್ರಿಪ್ ವಾಲ್ವ್ ಹತ್ತಿರ ಹೋಗುವ ಮೊದಲು ಗುದ್ದಲಿ ತೆಗೆದುಕೊಂಡು ಹೋಗುತ್ತಿದ್ದೆ. ಒಂದು ಅಡಿ ಅಗೆದು ಮಣ್ಣು ಹಿಂಡಿ ನೋಡುವುದು. ಉಂಡೆ ಕಟ್ಟಿದರೆ ಅವತ್ತು ನೀರು ಬಿಡುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಸಾಲಿನ ನಡುವೆ ನಿಂತು ನೆಲದ ಮೇಲೆ ಬಿಸಿಲಿನ ಚುಕ್ಕೆ ಎಷ್ಟಿವೆ ಅಂತ ನೋಡುವುದು, ನೆರಳು ಒಂದೇ ಸಮ ಕಪ್ಪಗಿದ್ದರೆ ಅವತ್ತೇ ಚಿಗುರು ತೆಗೆಸುವುದು. ಸೆಪ್ಟೆಂಬರ್‌ನಲ್ಲಿ ಪ್ಲಾಟಿಗೆ ಇಷ್ಟು ಅಂತ ಕಡ್ಡಿ ಕತ್ತರಿಸಿ ಕಣ್ಣು ಪರೀಕ್ಷೆಗೆ ಕಳಿಸಿದೆವು. ನಾನೂ ಹೋಗಿ ಕೂತಿದ್ದೆ. ಬ್ಲೇಡಿನಿಂದ ಕಣ್ಣನ್ನು ಸೀಳಿ ಮೈಕ್ರೋಸ್ಕೋಪ್ ಕೆಳಗಿಟ್ಟಾಗ ಹಸಿರಿನ ನಡುವೆ ರಾಗಿ ಕಾಳಿಗಿಂತ ಎಷ್ಟೋ ಚಿಕ್ಕದಾದ ಬಿಳಿ ಗಂಟು ಕಂಡಿತು. ಅದೇ ಗೊನೆ. ಇಷ್ಟು ವರ್ಷ ದ್ರಾಕ್ಷಿಯಲ್ಲಿ ಬೆಳೆದ ನಾನು ಅದನ್ನು ಕಂಡಿದ್ದು ಅವತ್ತೇ ಮೊದಲು. ಎಷ್ಟನೇ ಕಣ್ಣಿನಲ್ಲಿ ಗಂಟು ಚೆನ್ನಾಗಿದೆಯೋ ಅದನ್ನು ನೋಡಿ ಅಕ್ಟೋಬರ್ ಕತ್ತರಿ ಹಾಕಿದೆವು.

2024ರ ಹಣ್ಣನ್ನು 23.5 ಬ್ರಿಕ್ಸ್‌ಗೆ ಬಂದ ಮೇಲೂ ಐದು ದಿನ ತಡೆದೆ. ದಿನಾ ಬೆಳಿಗ್ಗೆ ಹತ್ತು ಗಿಡದ ಬೀಜ ಕಡಿದು ನೋಡಿ, ಮೇಡಂ ಜೊತೆ ಮಾತಾಡಿ, ಆರನೇ ದಿನ ಕೊಯ್ದೆವು. ಎಕರೆಗೆ ಮೂರು ಟನ್ ಕೂಡ ಬರಲಿಲ್ಲ.

ಕಾಕಾ ಮಾಳ, ಅಂದರೆ ವಿಠ್ಠಲನ ಭಕ್ತರ ತುಳಸಿ ಮಾಲೆ, ಹಾಕಿದವರು, ಒಂದು ಹನಿಯೂ ಮುಟ್ಟುವುದಿಲ್ಲ. ಟ್ಯಾಂಕಿನಿಂದ ಗ್ಲಾಸ್ ಹಿಡಿದು ಅವರ ಮುಂದೆ ಚಾಚಿ, ಬರೀ ವಾಸನೆ ನೋಡ್ರಿ ಅಂದೆ. ಕೈ ಹಿಂದೆ ಕಟ್ಟಿಕೊಂಡು ಬಗ್ಗಿ ಮೂಗು ಹತ್ತಿರ ತಂದರು.

"ಮೆಣಸಿನಕಾಯಿ ಇಲ್ಲ ತಮ್ಮಾ. ನೇರಳಿ ಹಣ್ಣ ವಾಸನಿ ಬರಾಕತ್ತೈತಿ."