ಇಪ್ಪತ್ತು ಹಾಡಿನ ನಡುವೆ ಎಂಟು ಬಾರ್ ಸ್ಯಾಕ್ಸೊಫೋನ್

ಸಿಂಥ್-ಪಾಪ್ (ಸಿಂಥಸೈಜರ್ ಕೀಬೋರ್ಡೇ ಮುಖ್ಯವಾದ ಪಾಪ್) ತಂಡದ ಜೊತೆ ಟೂರ್ ಹೋಗುವ ಸ್ಯಾಕ್ಸೊಫೋನ್ ವಾದಕರ ಕೆಲಸದ ಲೆಕ್ಕವೇ ಬೇರೆ. ಎರಡು ಗಂಟೆಯ ಕಾರ್ಯಕ್ರಮದಲ್ಲಿ ವಾದ್ಯ ಬಾಯಿಗೆ ಬರುವುದು ನಾಲ್ಕೈದು ಹಾಡಿಗೆ, ಅದರಲ್ಲಿ ಜನ ಕಾದು ಕೂತಿರುವುದು ಒಂದೋ ಎರಡೋ ಸೋಲೊಗೆ. ಡುರಾನ್ ಡುರಾನ್ ತಂಡದ ‘ರಿಯೊ’ದಲ್ಲಿ (1982) ಆಂಡಿ ಹ್ಯಾಮಿಲ್ಟನ್ ನುಡಿಸಿದ್ದು, ಸ್ಪ್ಯಾಂಡೌ ಬ್ಯಾಲೆಯ ‘ಟ್ರೂ’ದಲ್ಲಿ (1983) ಸ್ಟೀವ್ ನಾರ್ಮನ್ ನುಡಿಸಿದ್ದು, ಎಂ83 ತಂಡದ ‘ಮಿಡ್‌ನೈಟ್ ಸಿಟಿ’ (2011) ಮುಗಿಯುವಾಗ ಜೇಮ್ಸ್ ಕಿಂಗ್ ನುಡಿಸಿದ್ದು: ಇವು ಕೇಳುಗರಿಗೆ ಸ್ವರಸ್ವರವೂ ಬಾಯಿಪಾಠ. ಜಾಝ್ ಕ್ಲಬ್ಬಿನಲ್ಲಿ ತಪ್ಪಿದ ಸ್ವರವನ್ನು ಮುಂದಿನ ಸಾಲಿನಲ್ಲಿ ಸರಿದೂಗಿಸಿಕೊಳ್ಳಬಹುದು. ಇಲ್ಲಿ ಮೊದಲ ಸ್ವರ ಕೆಟ್ಟರೆ ಸಭಾಂಗಣದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಮೊದಲ ಸ್ವರ ಕೆಡುವುದಕ್ಕೆ ಬಹುತೇಕ ಕಾರಣ ಬೆರಳಲ್ಲ, ಚಳಿ. ವೇದಿಕೆಯ ಮೇಲಿನ ಕೀಬೋರ್ಡು, ಲ್ಯಾಪ್‌ಟಾಪಿನ ಟ್ರ್ಯಾಕು ಎಲ್ಲ ಎ 440ಕ್ಕೆ (ಎ ಸ್ವರ 440 ಹರ್ಟ್ಝ್) ಬೀಗ ಜಡಿದು ಕೂತಿರುತ್ತವೆ, ಹವೆ ಹೇಗಿದ್ದರೂ ಅಲುಗುವುದಿಲ್ಲ. ಸ್ಯಾಕ್ಸಿನ ಒಳಗಿರುವುದು ಗಾಳಿಯ ಕಂಬ. ಗಾಳಿ ಬಿಸಿಯಾದಷ್ಟೂ ಶಬ್ದದ ವೇಗ ಏರಿ, ಒಂದು ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚುಕಮ್ಮಿ 3 ಸೆಂಟ್‌ನಷ್ಟು ಸ್ವರ ಮೇಲೇಳುತ್ತದೆ. ನೂರು ಸೆಂಟ್ ಸೇರಿದರೆ ಒಂದು ಸೆಮಿಟೋನ್. ಉಸಿರಿನ ಬಿಸಿ ಒಳಗಿರುವುದರಿಂದ ನುಡಿಸುತ್ತಿರುವಾಗ ವ್ಯತ್ಯಾಸ ಅಷ್ಟಿರುವುದಿಲ್ಲ. ಆದರೆ ಯುರೋಪಿನ ಬಯಲು ಉತ್ಸವದಲ್ಲಿ, ರಾತ್ರಿಯ 10 ಡಿಗ್ರಿಯಲ್ಲಿ ಅರ್ಧ ಗಂಟೆ ಸ್ಟ್ಯಾಂಡಿಗೆ ಒರಗಿದ್ದ ಟೆನರ್ (ಆಲ್ಟೊಗಿಂತ ದೊಡ್ಡದಾದ, ದನಿ ಕೆಳಗಿರುವ ಸ್ಯಾಕ್ಸ್) ಮೊದಲ ಊದಿಗೆ 15ರಿಂದ 20 ಸೆಂಟ್ ಕೆಳಗೆ ಕೂಗುವುದು ಮಾಮೂಲು. ಎರಡು ಸಾಲು ನುಡಿಸುವಷ್ಟರಲ್ಲಿ ಅದು ತಾನಾಗಿ ಮೇಲೆ ಬರುತ್ತದೆ. ಅಷ್ಟರಲ್ಲಿ ಸೋಲೊನೂ ಮುಗಿದಿರುತ್ತದೆ.

ಇದಕ್ಕೆ ಮದ್ದು: ಸೋಲೊಗೆ ಒಂದು ಹಾಡು ಮೊದಲೇ ವಾದ್ಯವನ್ನು ಕತ್ತಿಗೆ ಹಾಕಿಕೊಂಡು, ಕೀಗಳನ್ನೆಲ್ಲ ಮುಚ್ಚಿ, ಸ್ವರ ಹೊರಡದ ಹಾಗೆ ನಿಧಾನವಾಗಿ ಬಿಸಿ ಉಸಿರು ತುಂಬುವುದು. ಕ್ಲಿಪ್ ಮೈಕ್ ಆಗ ಮ್ಯೂಟ್ ಆಗಿರಬೇಕು. ಇಲ್ಲದಿದ್ದರೆ ಗಾಯಕನ ಮೆಲುದನಿಯ ಸಾಲಿನ ಮೇಲೆ ಹಾವು ಬುಸುಗುಟ್ಟಿದ ಹಾಗೆ ಕೇಳುತ್ತದೆ. ಮ್ಯೂಟ್ ಯಾರ ಕೈಲಿದೆ, ಬೆಲ್ಟಿನ ಟ್ರಾನ್ಸ್‌ಮಿಟರಿನಲ್ಲೋ ಸೌಂಡ್ ಎಂಜಿನಿಯರರ ಡೆಸ್ಕಿನಲ್ಲೋ ಎಂಬುದನ್ನು ಸೌಂಡ್‌ಚೆಕ್ಕಿನಲ್ಲೇ ತೀರ್ಮಾನಿಸಿಕೊಳ್ಳಿ. ಇಬ್ಬರೂ ಮ್ಯೂಟ್ ಮಾಡಿ ಒಬ್ಬರೇ ತೆಗೆದರೆ ಸೋಲೊ ಮೂಕಾಭಿನಯವಾಗುತ್ತದೆ.

ಟ್ಯೂನಿಂಗ್‌ನಲ್ಲಿ ಹೊಸಬರು ಮಾಡುವ ತಪ್ಪು, ಒಂದೇ ಸ್ವರ ಊದಿ ಮೀಟರ್ ನೋಡುವುದು. ಮೌತ್‌ಪೀಸನ್ನು (ಬಾಯಿಗಿಡುವ ತುದಿ) ಅದು ಕೂರುವ ಕಾರ್ಕಿನ ಮೇಲೆ ಒಂದು ಮಿಲಿಮೀಟರ್ ಸರಿಸಿದರೆ ಗಿಡ್ಡ ಕೊಳವೆಯ ಸ್ವರಗಳು ಜಾಸ್ತಿ ಅಲುಗುತ್ತವೆ, ಉದ್ದ ಕೊಳವೆಯ ಕೆಳಗಿನ ಸ್ವರಗಳು ಕಮ್ಮಿ. ಹಾಗಾಗಿ ನಡುವಿನ ಬಿ, ಅದರ ಕೆಳಗಿನ ಎಫ್ ಶಾರ್ಪ್, ಆಮೇಲೆ ಸೋಲೊ ಶುರುವಾಗುವ ಸ್ವರ ಇಷ್ಟನ್ನೂ ನೋಡಬೇಕು. ಮಧ್ಯಾಹ್ನದ ಸ್ಥಾನಕ್ಕೆ ಕಾರ್ಕಿನ ಮೇಲೆ ಪೆನ್ಸಿಲ್ ಗೆರೆ ಇರಲಿ, ರಾತ್ರಿ ಚಳಿಯಲ್ಲಿ ಅದಕ್ಕಿಂತ ತುಸು ಒಳಗೆ ತಳ್ಳಿಕೊಳ್ಳಿ. ಇನ್ನೊಂದು, ಸಿಂಥ್ ಪ್ಯಾಡ್ (ಹಿನ್ನೆಲೆಗೆ ಹಾಸಿದ ಉದ್ದ ಸ್ವರಗಳು) ಕೇಳಿಕೊಂಡು ಶ್ರುತಿ ಹಿಡಿಯಬೇಡಿ. ಆ ಪ್ಯಾಡಿನ ಸೊಗಸೇ ಸ್ವರ ಹುಟ್ಟಿಸುವ ಎರಡು ಆಸಿಲೇಟರುಗಳನ್ನು ಕೆಲವು ಸೆಂಟ್ ಆಚೀಚೆ ಸರಿಸಿ, ಮೇಲೆ ಕೋರಸ್ ಸವರಿದ್ದು. ಅದರ ನಡುಗೆರೆ ಕಿವಿಗೆ ಸಿಗುವುದಿಲ್ಲ. ಬೇಸ್ ಸಿಂಥ್ ಒಂಟಿಯಾಗಿ, ಒಣಗಿದ ಹಾಗೆ ಇರುತ್ತದೆ. ಮಾನಿಟರಿನಲ್ಲಿ ಅದನ್ನು ಹೆಚ್ಚು ಕೇಳಿಕೊಂಡರೆ ಸ್ವರ ನಿಲ್ಲುತ್ತದೆ.

ನಮ್ಮ ಕರಾವಳಿಯ ಮದುವೆ ಮಂಟಪದಲ್ಲಿ, ದೇವಸ್ಥಾನದಲ್ಲಿ ಸ್ಯಾಕ್ಸ್ ನುಡಿಸುವವರಿಗೆ ಈ ತಾಪತ್ರಯದ ಒಂದು ಭಾಗ ಇಲ್ಲ. ಕದ್ರಿ ಗೋಪಾಲನಾಥರು ಆಲ್ಟೊ ಸ್ಯಾಕ್ಸನ್ನು ಗಮಕಕ್ಕೆ ಒಗ್ಗಿಸಿದ ಮೇಲೆ ಬೆಳೆದ ಆ ಪದ್ಧತಿಯಲ್ಲಿ, ವಾದ್ಯಕ್ಕೆ ಹಿತವಾದ ಶ್ರುತಿಯನ್ನು ವಾದಕನೇ ಆರಿಸುತ್ತಾನೆ, ಶ್ರುತಿಪೆಟ್ಟಿಗೆ ಅವನ ಹಿಂದೆ ಬರುತ್ತದೆ. ಸಿಂಥ್-ಪಾಪಿನಲ್ಲಿ ಹಾಡಿನ ಕೀ (ಶ್ರುತಿ) ಆರಿಸುವುದು ಕೀಬೋರ್ಡಿನವರ ಬೆರಳು ಮತ್ತು ಗಾಯಕನ ಗಂಟಲು. ಸ್ಯಾಕ್ಸಿನವರನ್ನು ಯಾರೂ ಕೇಳುವುದಿಲ್ಲ.

ಟೂರಿನ ನಿಜವಾದ ತಲೆನೋವು ಇಲ್ಲೇ ಇರುವುದು. ಟೆನರ್ ಬಿ ಫ್ಲ್ಯಾಟ್ ವಾದ್ಯ, ಆಲ್ಟೊ ಇ ಫ್ಲ್ಯಾಟ್ ವಾದ್ಯ: ಸಿ ಎಂದು ಬರೆದದ್ದನ್ನು ಊದಿದರೆ ಕೇಳುವುದು ಬಿ ಫ್ಲ್ಯಾಟ್ ಅಥವಾ ಇ ಫ್ಲ್ಯಾಟ್. ತಂಡ ಇ ಮೇಜರಿನಲ್ಲಿದ್ದರೆ ಟೆನರಿಗೆ ಅದು ಎಫ್ ಶಾರ್ಪ್ ಮೇಜರ್, ಆರು ಶಾರ್ಪ್; ಆಲ್ಟೊಗೆ ಸಿ ಶಾರ್ಪ್, ಏಳು ಶಾರ್ಪ್. ಮೂವತ್ತು ನಲವತ್ತು ವರ್ಷ ಹಾಡಿದ ಗಾಯಕ ಹಾಡನ್ನು ಅರ್ಧ ಸ್ವರ ಇಳಿಸಿ ಎನ್ನುತ್ತಾನೆ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಒತ್ತಿದರಾಯಿತು, ಗಿಟಾರಿನವರು ತಂತಿ ಇಳಿಸಿದ ಇನ್ನೊಂದು ಗಿಟಾರ್ ಎತ್ತಿಕೊಳ್ಳುತ್ತಾರೆ. ಸ್ಯಾಕ್ಸಿನವರು ಮಾತ್ರ ಬೆರಳನ್ನೆಲ್ಲ ಹೊಸದಾಗಿ ಕಲಿಯಬೇಕು. ಅದೃಷ್ಟವಿದ್ದರೆ ಅನುಕೂಲವೇ ಆಗುತ್ತದೆ: ಇ ಮೇಜರ್ ಇ ಫ್ಲ್ಯಾಟಿಗೆ ಇಳಿದರೆ ಟೆನರಿನ ಆರು ಶಾರ್ಪ್ ಹೋಗಿ ಎಫ್ ಮೇಜರಿನ ಒಂದು ಫ್ಲ್ಯಾಟ್ ಉಳಿಯುತ್ತದೆ. ಆದರೆ ಡಿ ಮೈನರ್ ಸಿ ಶಾರ್ಪ್ ಮೈನರಿಗೆ ಇಳಿದರೆ ಒಂದೇ ಶಾರ್ಪಿನ ಇ ಮೈನರ್ ಹೋಗಿ ಆರು ಶಾರ್ಪಿನ ಡಿ ಶಾರ್ಪ್ ಮೈನರ್ ಗಂಟು ಬೀಳುತ್ತದೆ.

ಬೆರಳು ಕಲಿತರೂ ಸಾಲದು. ಹಳೆಯ ಸೋಲೊಗಳ ರುಚಿ ಇರುವುದು ವಾದ್ಯದ ನಿರ್ದಿಷ್ಟ ಕೀಗಳಲ್ಲಿ. ಈ ಸ್ವರದಿಂದ ಆ ಸ್ವರಕ್ಕೆ ಜಾರುವಾಗ ಬೆರಳು ಅರ್ಧ ಎತ್ತಿದ್ದು, ಒಂದೇ ಸ್ವರವನ್ನು ಎರಡು ಬೆರಳುಪಟ್ಟಿನಲ್ಲಿ ಬದಲಿಸಿ ಬಣ್ಣ ತಂದದ್ದು, ಇಂಥವು ಅರ್ಧ ಸ್ವರ ಸರಿದ ಕೂಡಲೇ ಕೈಬಿಟ್ಟು ಹೋಗುತ್ತವೆ. ಜಾರ್ಜ್ ಮೈಕೆಲ್ ಹಾಡಿದ ‘ಕೇರ್‌ಲೆಸ್ ವಿಸ್ಪರ್’ (1984) ಇದಕ್ಕೆ ಒಳ್ಳೆಯ ಪಾಠ. ಸಿಂಥ್-ಪಾಪ್ ಎನ್ನಲಾಗದು, ಆದರೂ ಈ ಕೆಲಸಕ್ಕೆ ಬಂದವರೆಲ್ಲ ಒಂದಲ್ಲ ಒಂದು ರಾತ್ರಿ ಅದನ್ನು ನುಡಿಸಲೇಬೇಕಾಗುತ್ತದೆ. ಹಾಡು ಡಿ ಮೈನರಿನಲ್ಲಿ. ಟೆನರಿನಲ್ಲಿ ಆ ಪ್ರಸಿದ್ಧ ಸಾಲು ಮೇಲಿನ ಎಫ್ ಶಾರ್ಪಿನಿಂದ ಇಳಿಯುತ್ತದೆ. ರೆಕಾರ್ಡಿನಲ್ಲಿ ಅದನ್ನು ನುಡಿಸಿದ ಸ್ಟೀವ್ ಗ್ರೆಗರಿಯ ಹಳೆಯ ಟೆನರಿಗೆ ಆ ಸ್ವರದ ಕೀ ಇರಲಿಲ್ಲ. ಟೇಪಿನ ವೇಗ ಕಡಿಮೆ ಮಾಡಿ ಹಾಡನ್ನು ಅರ್ಧ ಸ್ವರ ಇಳಿಸಿದರು, ಆತ ಕೀ ಇರುವ ಎಫ್‌ನಿಂದ ನುಡಿಸಿದ, ಆಮೇಲೆ ಟೇಪನ್ನು ಮೊದಲಿನ ವೇಗಕ್ಕೆ ತಂದರು. ಆ ದನಿಯಲ್ಲಿ ಕೇಳುವ ತೆಳುಹೊಳಪಿನಲ್ಲಿ ಟೇಪಿನ ಪಾಲೂ ಇದೆ. ವೇದಿಕೆಯ ಮೇಲೆ ಟೇಪ್ ಇಲ್ಲ. ಮೇಲಿನ ಎಫ್ ಶಾರ್ಪ್ ಕೀ ಇರುವ ಟೆನರ್ ಒಯ್ಯಿರಿ, ಇಲ್ಲವೇ ಆಲ್ಟೊದಲ್ಲಿ ಆರಾಮವಾಗಿ ಸಿ ಶಾರ್ಪಿನಿಂದ ಶುರುಮಾಡಿ. ಆಲ್ಟೊ ದನಿ ಬೇರೆ ಅಂತ ಗುರುತಿಸುವವರು ಕಡಿಮೆ, ಒಡೆದ ಎಫ್ ಶಾರ್ಪ್ ಗುರುತಿಸುವವರು ಎಲ್ಲರೂ.

ಆದ್ದರಿಂದ ಕೆಲಸ ಒಪ್ಪಿಕೊಂಡ ದಿನವೇ ಮ್ಯೂಸಿಕ್ ಡೈರೆಕ್ಟರರಿಂದ ಕೇಳಬೇಕಾದ್ದು ಆಲ್ಬಮ್ಮಿನ ಕೊಂಡಿಯಲ್ಲ, ಈಗ ಟೂರಿನಲ್ಲಿ ಓಡುತ್ತಿರುವ ಪ್ಲೇಬ್ಯಾಕ್ ಫೈಲು. 80ರ ದಶಕದ ಎಷ್ಟೋ ರೆಕಾರ್ಡು ಟೇಪಿನ ವೇಗದ ದೆಸೆಯಿಂದ ಎರಡು ಶ್ರುತಿಗಳ ನಡುವೆ ಎಲ್ಲೋ ನಿಂತಿರುತ್ತವೆ, ಅದರಿಂದ ತೆಗೆದ ಟ್ರ್ಯಾಕೂ ಹಾಗೇ ಇರಬಹುದು. ಆ ಒಂದು ಹಾಡಿಗೆ ಮೌತ್‌ಪೀಸ್ ಎಷ್ಟು ಸರಿಯಬೇಕು ಎಂದು ಎರಡನೇ ಪೆನ್ಸಿಲ್ ಗೆರೆ ಬೇಕಾಗುತ್ತದೆ.

ಮೈಕ್ ವಿಷಯಕ್ಕೆ ಬಂದರೆ, ಬೆಲ್ಲಿನ (ವಾದ್ಯದ ಅಗಲವಾದ ತುದಿ) ಬಾಯೊಳಗೆ ನೋಡುವ ಹಾಗೆ ಕ್ಲಿಪ್ ಹಾಕುವುದು ಸಾಮಾನ್ಯ ತಪ್ಪು. ಕೆಳಗಿನ ಬಿ, ಬಿ ಫ್ಲ್ಯಾಟ್ ಮಾತ್ರ ಪೂರ್ತಿ ಬೆಲ್ಲಿನಿಂದ ಬರುತ್ತವೆ. ಉಳಿದ ಸ್ವರಗಳ ಬಹುಪಾಲು ದನಿ ಮೇಲಿನ ತೆರೆದ ರಂಧ್ರಗಳದ್ದು. ಬೆಲ್ಲಿಗೆ ಮುಖ ಮಾಡಿದ ಮೈಕಿನಲ್ಲಿ ಕೆಳಗಿನ ಸ್ವರ ಗುಂಯ್ ಎನ್ನುತ್ತದೆ, ಸೋಲೊ ಇರುವ ಮೇಲಿನ ಸ್ವರ ಸೊರಗುತ್ತದೆ. ಅಂಚಿನಿಂದ 10–15 ಸೆಂ.ಮೀ. ದೂರ, ಎಡಗೈ ಕೀಗಳ ಕಡೆಗೆ ವಾಲಿಸಿ. ಟೆನರಿನ ಅತಿ ಕೆಳಗಿನ ಸ್ವರವೇ 104 ಹರ್ಟ್ಝ್, ಆಲ್ಟೊದ್ದು 139. ಟೆನರಿಗೆ 90ರ ಆಸುಪಾಸು, ಆಲ್ಟೊಗೆ 120ರ ಆಸುಪಾಸು ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್) ಹಾಕಿದರೆ ಕಳೆದುಕೊಳ್ಳುವುದು ಏನಿಲ್ಲ, ಸಿಂಥ್ ಬೇಸಿನ ಗುಡುಗು ಮೈಕಿಗೆ ಸೋರುವುದು ನಿಲ್ಲುತ್ತದೆ. ಡಿಲೇ (ಪ್ರತಿಧ್ವನಿ) ಹಾಡಿನ ಲಯಕ್ಕೆ ಕೂರಬೇಕು: 120 ಬಿಪಿಎಂಗೆ (ನಿಮಿಷಕ್ಕೆ 120 ಬೀಟು) ಕಾಲು ನೋಟು 500 ಮಿಲಿಸೆಕೆಂಡ್, ಚುಕ್ಕಿಯ ಎಂಟನೆಯದು 375.

ಕಿವಿಯೊಳಗಿನ ಮಾನಿಟರ್ ಸ್ಯಾಕ್ಸಿನವರಿಗೆ ಕೊಡುವ ಕಾಟ ಉಳಿದವರಿಗೆ ಅರ್ಥವಾಗುವುದಿಲ್ಲ. ಮೇಲಿನ ಹಲ್ಲು ಮೌತ್‌ಪೀಸಿನ ಮೇಲಿರುವುದರಿಂದ ಕಂಪನ ತಲೆಬುರುಡೆಯ ಮೂಲಕ ನೇರ ಕಿವಿಗೆ ಹೋಗುತ್ತದೆ. ಕಿವಿ ಮುಚ್ಚಿದ್ದರೆ ಅದೊಂದೇ ಜೋರು, ಜೇನ್ನೊಣದ ಗೂಡಿನಂತೆ. ಶ್ರುತಿ ತಿಳಿಯದೆ ದವಡೆ ಬಿಗಿಯಾಗಿ ಸ್ವರ ಮೇಲೆ ಏರುತ್ತದೆ. ಮೌತ್‌ಪೀಸಿಗೆ 0.8 ಮಿ.ಮೀ. ದಪ್ಪದ ರಬ್ಬರ್ ಪ್ಯಾಚ್ ಅಂಟಿಸಿ, ಮಿಕ್ಸಿನಲ್ಲಿ ಸ್ಯಾಕ್ಸಿಗೆ ಸ್ವಲ್ಪ ರಿವರ್ಬ್ ಕೇಳಿಕೊಳ್ಳಿ. ಒಂದು ಕಿವಿಯ ಮಾನಿಟರ್ ತೆಗೆದು ನುಡಿಸುವ ಚಟ ಬೇಡ. ಉಳಿದ ಕಿವಿಯ ವಾಲ್ಯೂಮ್ ಏರಿಸುತ್ತಾ ಹೋಗಿ ಕಿವಿಯೇ ಹಾಳಾಗುತ್ತದೆ.

ಇನ್ನು ಕಾಯುವ ಹೊತ್ತು. ಬಿದಿರಿನಂಥ ಕಡ್ಡಿಯ ರೀಡು (ಮೌತ್‌ಪೀಸಿನಲ್ಲಿ ಕಂಪಿಸಿ ಸ್ವರ ಹುಟ್ಟಿಸುವ ಪಟ್ಟಿ) ವೇದಿಕೆಯ ದೀಪದ ಶಾಖಕ್ಕೆ ಹತ್ತೇ ನಿಮಿಷದಲ್ಲಿ ಒಣಗಿ ತುದಿ ಅಲೆಯಲೆಯಾಗುತ್ತದೆ, ಮೊದಲ ಊದಿಗೆ ಕೀಚ್ ಎನ್ನುತ್ತದೆ. ಇಂಥ ಟೂರಿಗೆ ಸಿಂಥೆಟಿಕ್ ರೀಡ್ ಬಳಸುವವರನ್ನು ಆಡಿಕೊಳ್ಳುವವರಿದ್ದಾರೆ, ಅವರು ನಲವತ್ತು ನಿಮಿಷ ಕಾದು ನುಡಿಸಿದವರಲ್ಲ. ಜಿ ಶಾರ್ಪ್ ಕೀಯ ಪ್ಯಾಡ್ (ರಂಧ್ರ ಮುಚ್ಚುವ ಮೆತ್ತೆ) ಅಂಟಿಕೊಳ್ಳುವುದು ಇನ್ನೊಂದು. ಹೊಗೆಯಂತ್ರದ ಗ್ಲೈಕಾಲ್, ಎಂಜಲಿನ ತೇವ ಎರಡೂ ಸೇರಿ ಪ್ಯಾಡ್ ರಂಧ್ರಕ್ಕೆ ಕಚ್ಚಿಕೊಳ್ಳುತ್ತದೆ, ಕೀ ಒತ್ತಿದರೂ ಏಳುವುದಿಲ್ಲ. ಸೋಲೊಗೆ ಮುಂಚೆ ಬೆರಳಿನಿಂದ ಆ ಪ್ಯಾಡನ್ನೊಮ್ಮೆ ಎತ್ತಿ ನೋಡುವುದು, ಸಿಗರೇಟ್ ಕಾಗದ ಒಂದು ಸಲ ಒತ್ತಿ ತೇವ ಹೀರಿಸುವುದು ಅಭ್ಯಾಸವಾಗಬೇಕು. ಜೇಬಲ್ಲಿ ಮುರಿದ ಸ್ಪ್ರಿಂಗಿಗೆ ಎರಡು ರಬ್ಬರ್ ಬ್ಯಾಂಡ್, ಚಿಕ್ಕ ಸ್ಕ್ರೂಡ್ರೈವರ್, ಸಡಿಲ ಕಾರ್ಕಿಗೆ ಸುತ್ತಲು ಪ್ಲಂಬರರ ಬಿಳಿ ಟೇಪು.

ಕಾಯುವ ಹೊತ್ತಿನಲ್ಲಿ ಸುಮ್ಮನೆ ನಿಂತವರಿಗೆ ಈ ಕೆಲಸ ಹೆಚ್ಚು ದಿನ ಉಳಿಯುವುದಿಲ್ಲ. ಓಎಂಡಿ ಎಂದು ಕರೆಸಿಕೊಳ್ಳುವ ಆರ್ಕೆಸ್ಟ್ರಲ್ ಮನೂವರ್ಸ್ ಇನ್ ದ ಡಾರ್ಕ್ ತಂಡದ ಮಾರ್ಟಿನ್ ಕೂಪರ್ 1980ರಲ್ಲಿ ಸೇರಿದ್ದು ಕೀಬೋರ್ಡು, ಸ್ಯಾಕ್ಸ್ ಎರಡಕ್ಕೂ. ಮರುವರ್ಷ ಪಾಲ್ ಹಂಫ್ರೀಸ್ ಜೊತೆ ಬರೆದ ‘ಸೂವನೀರ್’ ಬ್ರಿಟನ್ ಪಟ್ಟಿಯಲ್ಲಿ 3ನೇ ಸ್ಥಾನ ಮುಟ್ಟಿತು. 1989ರಲ್ಲಿ ಬಿಟ್ಟವರು 2006ರಲ್ಲಿ ಹಳೆಯ ಬಳಗ ಒಂದಾದಾಗ ಮರಳಿ ಬಂದರು. ಎರಡು ವಾದ್ಯದವರ ಕಷ್ಟ ಬದಲಾವಣೆಯ ಸೆಕೆಂಡುಗಳಲ್ಲಿದೆ: 120 ಬಿಪಿಎಂನಲ್ಲಿ ನಾಲ್ಕು ಬಾರ್ ಅಂದರೆ 8 ಸೆಕೆಂಡ್. ಅಷ್ಟರಲ್ಲಿ ಕೀಬೋರ್ಡಿನಿಂದ ಕೈ ತೆಗೆದು, ಮೂರು ಕಿಲೋಗೂ ಮೇಲಿನ ಟೆನರನ್ನು ಕೊಕ್ಕೆಗೆ ಹಾಕಿ, ಮ್ಯೂಟ್ ತೆಗೆದು, ಉಸಿರು ಎಳೆದುಕೊಳ್ಳಬೇಕು. ಕತ್ತಿನ ಪಟ್ಟಿ ಮೊದಲ ಹಾಡಿನಿಂದಲೇ ಮೈಮೇಲಿರಲಿ. ಸ್ಟ್ಯಾಂಡ್ ಕೀಬೋರ್ಡಿನ ಬಲಕ್ಕೆ, ಒಂದೂವರೆ ಹೆಜ್ಜೆ ದೂರದಲ್ಲಿ. ಹತ್ತಿರವಿಟ್ಟರೆ ತಿರುಗುವಾಗ ಕೆಳಗಿನ ಕೀಗಳ ಕಾವಲುಪಟ್ಟಿ ಕೀಬೋರ್ಡಿನ ಅಂಚಿಗೆ ತಾಗಿ ಬಗ್ಗುತ್ತದೆ, ಆಮೇಲೆ ಕೆಳಗಿನ ಸಿ ಇಂದ ಇಳಿದದ್ದೆಲ್ಲ ಸೋರುತ್ತದೆ.

ದುಡ್ಡಿನ ಮಾತೂ ಇದೆ. ಹಾಡಿನ ಕರ್ತೃಗಳಲ್ಲಿ ಹೆಸರಿದ್ದವರಿಗೆ ಹಾಡು ಓಡಿದಷ್ಟು ದಿನ ಪಾಲು ಬರುತ್ತದೆ. ಬರೀ ಸೋಲೊ ನುಡಿಸಿದವರಿಗೆ ಸಾಮಾನ್ಯವಾಗಿ ಆ ದಿನದ ಕೂಲಿ. ಆದರೆ ಬ್ರಿಟನ್ನಿನಲ್ಲಿ ರೆಕಾರ್ಡು ರೇಡಿಯೊದಲ್ಲಿ, ಅಂಗಡಿ ಹೋಟೆಲುಗಳಲ್ಲಿ ಕೇಳಿಬಂದಾಗ ಪಿಪಿಎಲ್ ಸಂಸ್ಥೆ ವಸೂಲು ಮಾಡುವ ಹಣದಲ್ಲಿ ಸೆಶನ್ ವಾದಕರಿಗೂ ಒಂದು ಭಾಗ ಉಂಟು, ಆ ರೆಕಾರ್ಡಿನ ಎದುರು ಅವರ ಹೆಸರು ನೋಂದಾಗಿದ್ದರೆ. ಟೂರಿನ ಕಾರ್ಯಕ್ರಮವನ್ನು ಲೈವ್ ಆಲ್ಬಮ್ಮಿಗೆ ರೆಕಾರ್ಡ್ ಮಾಡುವ ರಾತ್ರಿ ಇದ್ದರೆ ಅದನ್ನು ವೇದಿಕೆ ಹತ್ತುವ ಮೊದಲೇ ಬೇರೆ ಮಾತಾಡಿಕೊಳ್ಳಿ. ಹಾಡು, ದಿನಾಂಕ, ಸಭಾಂಗಣ, ನುಡಿಸಿದ ವಾದ್ಯ ಬರೆದು ಸಹಿ ಹಾಕಿಸಿದ ಹಾಳೆಯ ಒಂದು ಪ್ರತಿ ಕೇಸಿನ ಮುಚ್ಚಳದ ಜೇಬಲ್ಲಿ, ರೀಡ್ ಡಬ್ಬಿಯ ಹಿಂದೆ ಇರಲಿ. ಕೇಸು ಮುಚ್ಚುವ ಮೊದಲು ಬಟ್ಟೆ ಎಳೆದು ಒಳಗಿನ ನೀರು ಒರೆಸುವುದನ್ನು ಮರೆಯಬೇಡಿ. ಬೆಳಗಿನ ವಿಮಾನಕ್ಕೆ ಒದ್ದೆ ಪ್ಯಾಡು ಹೊತ್ತೊಯ್ದರೆ ಮುಂದಿನ ಊರಿನಲ್ಲಿ ಜಿ ಶಾರ್ಪ್ ಮತ್ತೆ ಕಚ್ಚಿಕೊಂಡಿರುತ್ತದೆ.