ಕಾನಾಜಾವಾದ ಕಿಜಿ ಧೂಪದಾನಿ: ಮೊದಲು ನೋಡಿ, ಆಮೇಲೆ ಕೊಳ್ಳಿ

ಜಪಾನಿನ ಕಾನಾಜಾವಾ ನಗರಕ್ಕೆ ನಾನು ಹೋದದ್ದು ಒಂದು ಹಕ್ಕಿಯನ್ನು ನೋಡಲಿಕ್ಕೆ. ಮಣ್ಣಿನ ಕಿಜಿ ಹಕ್ಕಿ. ಹೊಟ್ಟೆಯಲ್ಲಿ ಧೂಪ ಉರಿದರೆ ಬೆನ್ನಿನಿಂದ ಹೊಗೆ ಏಳುವಂತೆ ಮಾಡಿದ ಧೂಪದಾನಿ ಅದು. ಇಂಥದ್ದಕ್ಕೆ ಜಪಾನಿಗರು ‘ಕೋರೊ’ ಎನ್ನುತ್ತಾರೆ. ನೀವೂ ಹೋಗುವುದಾದರೆ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ.

ಟೋಕಿಯೊದಿಂದ ‘ಕಾಗಾಯಾಕಿ’ ಶಿಂಕಾನ್ಸೆನ್ (ಬುಲೆಟ್ ರೈಲು)ನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಅದರಲ್ಲಿ ಎಲ್ಲವೂ ರಿಸರ್ವ್ ಸೀಟುಗಳೇ, ಮೊದಲೇ ಬುಕ್ ಮಾಡಿ. ಕ್ಯೋಟೊ ಕಡೆಯಿಂದ ನೇರ ರೈಲು ಈಗಿಲ್ಲ. 2024ರ ಮಾರ್ಚ್‌ನಿಂದ ತ್ಸುರುಗಾದಲ್ಲಿ ಇಳಿದು ಶಿಂಕಾನ್ಸೆನ್ ಹತ್ತಬೇಕು. ಕೊಡೆ ಬೇಕೇ ಬೇಕು. ಬುತ್ತಿ ಮರೆತರೂ ಕೊಡೆ ಮರೆಯಬೇಡ ಅನ್ನುವುದು ಆ ಊರಿನವರ ಮಾತು.

ಹಕ್ಕಿ ಇರುವುದು ಕೆನ್ರೊಕುಎನ್ ಉದ್ಯಾನದ ಹತ್ತಿರದ ಇಶಿಕಾವಾ ಪ್ರಾಂತ್ಯದ ಕಲಾ ಸಂಗ್ರಹಾಲಯದಲ್ಲಿ. ಪ್ರದರ್ಶನ ಬದಲಿಸುವ ದಿನಗಳಲ್ಲಿ ಬಾಗಿಲು ಮುಚ್ಚಿರುತ್ತಾರೆ, ಹೊರಡುವ ಮುಂಚೆ ನೋಡಿಕೊಳ್ಳಿ. ಉದ್ಯಾನಕ್ಕಿಂತ ಮೊದಲು ಇಲ್ಲಿಗೇ ಹೋಗಿ ಎಂದು ನಾನು ಹೇಳುತ್ತೇನೆ. ಕಾಲು ಸೋತ ಮೇಲೆ ನೋಡುವ ವಸ್ತುವಲ್ಲ ಅದು.

ಕಿಜಿ ಜಪಾನಿನ ರಾಷ್ಟ್ರಪಕ್ಷಿ, ನಮ್ಮ ಕಾಡುಕೋಳಿಯ ಬಳಗದ್ದು. 17ನೇ ಶತಮಾನದಲ್ಲಿ ಇದನ್ನು ಮಾಡಿದವನು ಕ್ಯೋಟೊದ ನೊನೊಮುರಾ ನಿನ್ಸೆಯ್. ಅವನ ಆವಿಗೆ ನಿನ್ನಾಜಿ ದೇವಾಲಯದ ಮುಂದಿತ್ತು. ದೇವಾಲಯದ ‘ನಿನ್’ ಮತ್ತು ಅವನ ಹೆಸರಾದ ಸೆಯ್‌ಎಮೊನ್‌ನ ‘ಸೆಯ್’ ಕೂಡಿ ನಿನ್ಸೆಯ್ ಆಯಿತು. ಹಕ್ಕಿಯ ಉದ್ದ ಸುಮಾರು 48 ಸೆಂಟಿಮೀಟರ್, ಹೆಚ್ಚುಕಮ್ಮಿ ಜೀವಂತ ಹಕ್ಕಿಯಷ್ಟೇ. ಮೈಯ ಮೇಲರ್ಧವೇ ಮುಚ್ಚಳ. ಹಸಿರು, ನೀಲಿ, ಕೆಂಪು, ಚಿನ್ನದ ಗರಿಗಳನ್ನು ನೋಡಿ ಮುಗಿಸಿದ ಮೇಲೆ ಪಕ್ಕಕ್ಕೆ ಬಂದು ಬಾಲ ನೋಡಿ. ಯಾವ ಆಸರೆಯೂ ಇಲ್ಲದೆ ನೆಟ್ಟಗೆ ಹಿಂದಕ್ಕೆ ಚಾಚಿದೆ. ಆವಿಗೆಯ ಬೆಂಕಿಯಲ್ಲಿ ಮಣ್ಣು ಮೆತ್ತಗಾಗಿ ಜೋಲುತ್ತದೆ, ಇದು ಜೋಲಿಲ್ಲ. ನಾನು ಅಲ್ಲೇ ಬಹಳ ಹೊತ್ತು ನಿಂತೆ. ಜೊತೆಯಲ್ಲಿ ಹೆಣ್ಣುಹಕ್ಕಿಯೂ ಇದೆ, ಬೆಳ್ಳಿ ಬಣ್ಣದ್ದು, ಕತ್ತು ಹಿಂದಕ್ಕೆ ತಿರುಗಿಸಿ ಗರಿ ತೀಡಿಕೊಳ್ಳುತ್ತಿದೆ.

ಮರುದಿನ ದೈಶೋಜಿಗೆ ಹೋಗಿ. ಅಲ್ಲಿ ಈ ಸೀಮೆಯ ಕುತಾನಿ ಪಿಂಗಾಣಿಯದೇ ಒಂದು ಸಂಗ್ರಹಾಲಯವಿದೆ, ಸೋಮವಾರ ರಜೆ. ಕಾನಾಜಾವಾದಿಂದ ಅಲ್ಲಿಗೆ ಹೋಗುವ ಲೋಕಲ್ ರೈಲಿನಲ್ಲಿ ಪ್ರವಾಸಿಗರ ಜೆಆರ್ ರೈಲು ಪಾಸ್ ನಡೆಯುವುದಿಲ್ಲ, ಟಿಕೆಟ್ ಕೊಳ್ಳಬೇಕು. ಕುತಾನಿ ಎಂಬ ಬೆಟ್ಟದ ಹಳ್ಳಿಯಲ್ಲಿ 1655ರ ಸುಮಾರಿಗೆ ಶುರುವಾದ ಈ ಕೆಲಸ ಅರ್ಧ ಶತಮಾನದಲ್ಲೇ ನಿಂತುಹೋಗಿ, ನೂರು ವರ್ಷದ ಮೇಲೆ ಮತ್ತೆ ಹುಟ್ಟಿತು. ಹಸಿರು, ಹಳದಿ, ಕೆಂಪು, ನೇರಳೆ, ಕಡುನೀಲಿ: ಕುತಾನಿಯ ಐದು ಬಣ್ಣ. ಪಾತ್ರೆಯನ್ನು ಸುಮಾರು 1300 ಡಿಗ್ರಿಯಲ್ಲಿ ಸುಟ್ಟು, ಮೇಲೆ ಚಿತ್ರ ಬರೆದು, 800ರ ಆಸುಪಾಸಿನಲ್ಲಿ ಮತ್ತೆ ಸುಡುತ್ತಾರೆ. ಬಣ್ಣ ಗಾಜಿನಂತೆ ದಪ್ಪಗೆ ಎದ್ದು ನಿಲ್ಲುವುದು ಆಗಲೇ.

ಇದನ್ನು ತಿಳಿಯದೆ ನಾನು ಮೊದಲ ದಿನವೇ ಒಂದು ಅಂಗಡಿಯಲ್ಲಿ ಸಿಂಹದ ಮುಚ್ಚಳದ, ಮೂರು ಕಾಲಿನ ಕೋರೊ ಕೊಂಡೆ. ಕೈಯಲ್ಲಿ ಬರೆದದ್ದು ಎಂದೇ ಹೇಳಿದರು. ದೈಶೋಜಿಯಿಂದ ಬಂದು ಬೆರಳಾಡಿಸಿದರೆ ಚಿತ್ರ ನುಣ್ಣಗಿತ್ತು, ಅಚ್ಚಿನ ಚುಕ್ಕಿಗಳು ಸಾಲಾಗಿ ಕಂಡವು. ಆದ್ದರಿಂದ ಕೊಳ್ಳುವುದನ್ನು ಕೊನೆಯ ಸಂಜೆಗೆ ಇಡಿ. ಕಪ್ಪು ಗೆರೆಯ ಮೇಲೆ ಬಣ್ಣ ಉಬ್ಬಿದೆಯೇ ಎಂದು ಬೆರಳಲ್ಲಿ ಮುಟ್ಟಿ ನೋಡಿ. ಮುಟ್ಟುವ ಮುಂಚೆ ಅಂಗಡಿಯವರನ್ನು ಕೇಳಿ. ಮುಚ್ಚಳ ತೆಗೆದು ಒಳಗೂ ನೋಡಿ. ಮೇ 3ರಿಂದ 5ರ ಹೊತ್ತಿಗೆ ಹೋಗುವವರಿಗೆ ಪಕ್ಕದ ನೋಮಿ ಊರಿನಲ್ಲಿ ಕುತಾನಿ ಜಾತ್ರೆ ಇರುತ್ತದೆ, ಬೆಲೆ ಇಳಿದಿರುತ್ತದೆ.

ವಿಮಾನದಲ್ಲಿ ಕೈಚೀಲದಲ್ಲೇ ತನ್ನಿ, ಮುಚ್ಚಳ ಬೇರೆ ಸುತ್ತಿ. ಧೂಪದ ಅಂಗಡಿಗೆ ಹೋದರೆ ‘ರೋಝನ್’ ಗಂಧ ಕೇಳಿ. ಅದು ನಮ್ಮ ಮೈಸೂರು ಸೀಮೆಯ ಶ್ರೀಗಂಧ, ಅಲ್ಲಿಯವರಿಗೆ ಎಲ್ಲಕ್ಕಿಂತ ಮೇಲು. ಅದರ ಜೊತೆ ಕೋರೊಗೆ ತುಂಬುವ ಬೂದಿಯ ಪೊಟ್ಟಣವನ್ನೂ ಕೊಳ್ಳಿ. ಮನೆಯಲ್ಲಿ ಸಾಂಬ್ರಾಣಿಗೆ ಹಾಕುವಂತೆ ಕೆಂಡವನ್ನು ನೇರ ಪಿಂಗಾಣಿಯ ಮೇಲಿಟ್ಟರೆ ಅದು ಬಿರುಕು ಬಿಡಬಹುದು. ಮುಕ್ಕಾಲು ಬೂದಿ ತುಂಬಿ, ನಡುವೆ ಗುಳಿ ಮಾಡಿ, ಸಣ್ಣ ಕೆಂಡ ಹೂತು, ಗಂಧದ ಚೂರನ್ನು ಕೆಂಡದ ಪಕ್ಕದ ಬಿಸಿ ಬೂದಿಯ ಮೇಲಿಡಿ.