ಫೆಲ್ಸೆನ್‌ಸ್ಟೈನ್ ಯಾವ ಸೆಕ್ಷನ್?

ಹಾಸನದಿಂದ ತಮ್ಮ ಫೋನ್ ಮಾಡಿದ್ದ. ಮಗಳದ್ದು ಎಸ್ಸೆಸ್ಸೆಲ್ಸಿ ಮುಗಿದಿದೆ, ಪಿಯುಸಿಗೆ ಸೇರಿಸಬೇಕು. ಪಿಸಿಎಂಬಿನೋ, ಪಿಸಿಎಂಸಿನೋ? ಹುಡುಗಿಗೆ ಬಯಾಲಜಿನೂ ಇಷ್ಟ, ಕಂಪ್ಯೂಟರೂ ಇಷ್ಟ. ಕಾಲೇಜಿನವರು ಎರಡೂ ಆಗಲ್ಲ, ಒಂದನ್ನು ಬಿಡಿ ಅಂದಿದ್ದಾರಂತೆ.

ಸ್ಪೀಕರ್ ಹಾಕಿತ್ತು. ಎದುರಿಗೆ ಕೂತಿದ್ದ ನನ್ನ ಮಗಳು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಕೇಳಿದಳು: “ಚಿಕ್ಕಪ್ಪ, ಹಾಗಾದ್ರೆ ಫೆಲ್ಸೆನ್‌ಸ್ಟೈನ್ ನಿಮ್ಮೂರಲ್ಲಿ ಯಾವ ಸೆಕ್ಷನ್‌ನಲ್ಲಿ ಕೂರ್ತಿದ್ರು?”

“ಯಾರಮ್ಮ ಅದು?” ಅಂದ ತಮ್ಮ.

ಅವಳ ಸ್ಕೂಲ್ ಪ್ರಾಜೆಕ್ಟ್ ಶುರುವಾಗುವವರೆಗೆ ನನಗೂ ಗೊತ್ತಿರಲಿಲ್ಲ. ಇಷ್ಟಕ್ಕೂ ಅವರು ನಮ್ಮ ಸಿಯಾಟಲ್‌ನವರೇ. ಜೋಸೆಫ್ ಫೆಲ್ಸೆನ್‌ಸ್ಟೈನ್ ಹುಟ್ಟಿದ್ದು 1942ರಲ್ಲಿ. ವಿಸ್ಕಾನ್ಸಿನ್‌ನಲ್ಲಿ ಜೇಮ್ಸ್ ಕ್ರೋ, ಷಿಕಾಗೋದಲ್ಲಿ ರಿಚರ್ಡ್ ಲೆವಾಂಟಿನ್, ಹೀಗೆ ಲೆಕ್ಕ ಬಲ್ಲ ತಳಿವಿಜ್ಞಾನಿಗಳ ಹತ್ತಿರ ಕಲಿತರು. 1960ರ ದಶಕದ ಕೊನೆಗೆ ಇಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದವರು ಇಲ್ಲೇ ಉಳಿದರು. ಯಾವ ಜೀವಿ ಯಾವುದಕ್ಕೆ ಹತ್ತಿರದ ನೆಂಟ ಅಂತ ಡಿಎನ್‌ಎ ನೋಡಿ ಲೆಕ್ಕ ಹಾಕುವುದೇ ಅವರ ಜೀವಮಾನದ ಕೆಲಸ.

ಅದೇನು ಮಹಾ ಅಂದುಕೊಂಡಿದ್ದೆ. ಮಗಳು ಹಾಳೆ ಎಳೆದುಕೊಂಡು ಗೀಚಿ ತೋರಿಸಿದಳು. ಮೂರು ಜಾತಿ ಕರಡಿಗಳಿದ್ದರೆ ವಂಶವೃಕ್ಷವನ್ನು 3 ಥರ ಬರೆಯಬಹುದು. ನಾಲ್ಕಾದರೆ 15. ಲೋಕದಲ್ಲಿರುವ ಕರಡಿ ಜಾತಿ ಎಂಟೇ ಎಂಟು, ಅವಕ್ಕೆ 1,35,135! ಇದರಲ್ಲಿ ಸರಿಯಾದದ್ದು ಯಾವುದು? ಪ್ರತಿ ಮರಕ್ಕೂ, ಇದೇ ನಿಜವಾಗಿದ್ದರೆ ಈ ಡಿಎನ್‌ಎ ಕಾಣಿಸುವ ಸಾಧ್ಯತೆ ಎಷ್ಟು ಅಂತ ಬೇಗ ಲೆಕ್ಕ ಹಾಕುವ ದಾರಿಯನ್ನು ಫೆಲ್ಸೆನ್‌ಸ್ಟೈನ್ 1981ರಲ್ಲಿ ಕೊಟ್ಟರು. ಆ ಮರವನ್ನು ಎಷ್ಟು ನಂಬಬಹುದು ಅಂತ ಅಳೆಯಲು 1985ರಲ್ಲಿ ಇನ್ನೊಂದು. ಡಿಎನ್‌ಎ ಅಕ್ಷರಗಳ ಸಾಲಿನಲ್ಲಿರುವ ಸ್ಥಾನಗಳನ್ನು ಚೀಟಿ ಎತ್ತಿದ ಹಾಗೆ ಎತ್ತುವುದು, ಎತ್ತಿದ ಚೀಟಿಯನ್ನು ಮತ್ತೆ ಡಬ್ಬಿಗೇ ಹಾಕುವುದು, ಹೀಗೆ ಪದೇಪದೇ ಹೊಸ ಮರ ಕಟ್ಟುವುದು. ಸುಮಾರು ಎಲ್ಲ ಸಲವೂ ಅದೇ ಕೊಂಬೆ ಬಂದರೆ ನಂಬಬಹುದು. ಅತಿ ಹೆಚ್ಚು ಉಲ್ಲೇಖವಾದ 100 ಪ್ರಬಂಧಗಳು ಅಂತ 2014ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆ ಮಾಡಿದ ಪಟ್ಟಿಯಲ್ಲಿ ಈ 1985ರ ಪ್ರಬಂಧವೂ ಇದೆ. ಕೋವಿಡ್ ತಳಿಗಳ ಎಷ್ಟೋ ಮರಗಳನ್ನು ಕಟ್ಟಿದ್ದೂ ಅವರ 1981ರ ಲೆಕ್ಕದ ಮೇಲೆಯೇ. ಇಂಥ ಮರ ಕಟ್ಟುವ ಕಂಪ್ಯೂಟರ್ ಪ್ರೋಗ್ರಾಮನ್ನೂ ಅವರೇ ಬರೆದರು.

ಇಂಥವರನ್ನು ಬಿ ಸೆಕ್ಷನ್ನಿಗೆ ಕಳಿಸೋದಾ, ಸಿ ಸೆಕ್ಷನ್ನಿಗಾ?

ನಾನು ಪಿಸಿಎಂಬಿ ಓದಿದವನು. ಚೂಪು ಪೆನ್ಸಿಲ್ಲಿನಲ್ಲಿ ದಾಸವಾಳದ ಸೀಳುನೋಟ ಬರೆದು, ಒಂದೇ ಒಂದು ಗೆರೆ ದಪ್ಪ ಆಗಿದ್ದಕ್ಕೆ ಲೆಕ್ಚರರ್ ರೆಕಾರ್ಡನ್ನೇ ವಾಪಸ್ ಕೊಟ್ಟಿದ್ದರು. ಮತ್ತೆ ಬರೆದೆ. ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕ ವಾರವೇ ಆ ರೆಕಾರ್ಡು ರದ್ದಿಗೆ ಹೋಯಿತು. ಬಯಾಲಜಿ ಅಂದ್ರೆ ಡಾಕ್ಟರ್ ಆಗೋಕೆ, ಆಗದಿದ್ದರೆ ಅದು ದಂಡ. ಪಕ್ಕದ ಪೀರಿಯಡ್ಡಿನಲ್ಲೇ ಪ್ರಾಬಬಿಲಿಟಿ ಕಲೀತಿದ್ವಿ, ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಲಿಲ್ಲ. ಬೆಂಗಳೂರಿನ ಐಐಎಸ್ಸಿಯಲ್ಲಿ 2011ರಿಂದ ನಾಲ್ಕು ವರ್ಷದ ಪದವಿ ಇದೆ, ಶುರುವಿನಲ್ಲಿ ಎಲ್ಲರೂ ಎಲ್ಲವನ್ನೂ ಓದಲೇಬೇಕು. ಆದರೆ ಅಲ್ಲಿಗೆ ಮುಟ್ಟುವವರು ಎಷ್ಟು ಮಂದಿ?

ಪಿಸಿಎಂಬಿ ಕೊಡಿಸು, ಪ್ರೋಗ್ರಾಮಿಂಗ್ ಮನೆಯಲ್ಲೇ ಕಲೀಲಿ ಅಂತ ತಮ್ಮನಿಗೆ ಹೇಳಿದೆ. ಅಷ್ಟರಲ್ಲಿ ಅವನ ಹೆಂಡತಿ ಫೋನ್ ಇಸ್ಕೊಂಡಳು.

“ಭಾವ, ಆ ಪ್ರೊಫೆಸರು ಮಾಡಿದ ಪ್ರೋಗ್ರಾಮು ಚೆನ್ನಾಗಿ ಮಾರಾಟ ಆಗಿರ್ಬೇಕಲ್ವಾ?”

“ಇಲ್ಲಮ್ಮ, ಫೈಲಿಪ್ ಅಂತ ಅದರ ಹೆಸರು. 1980ರಿಂದ ಕೇಳಿದವರಿಗೆಲ್ಲ ಬಿಟ್ಟಿ ಕೊಟ್ಟಿದ್ದಾರೆ.”

“ಬಿಟ್ಟಿನಾ?” ಅಂದವಳು ಫೋನನ್ನು ತಮ್ಮನ ಕೈಗೆ ವಾಪಸ್ ಕೊಟ್ಟಳು.